ಲಕ್ಷ್ಯ-ಲಕ್ಷಣಗಳ ಸಮನ್ವಯ: ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು

ಶ್ರಾವಣ ಬಹುಳ ಅಷ್ಟಮಿಯಂದು ಜನಿಸಿ, ಭಾದ್ರಪದ ಶುದ್ಧ ಚೌತಿಯಂದು ದೇಹವನ್ನು ತ್ಯಜಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕ ಮಹಾಶಯರ ಮುಂದೆ ಸಂಗ್ರಹವಾಗಿ ನಿವೇದಿಸಲು ಬಯಸುತ್ತೇವೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸರಳೆ, ಜಂಟಿ, ಅಲಂಕಾರಗಳ ಪಾಠವಾಗುವಾಗ ಶ್ರೀ ಪುರಂದರದಾಸರನ್ನು ಸಂಗೀತ ಪಿತಾಮಹರೆಂದು ಸ್ಮರಿಸುತ್ತೇವೆ. ಗುರು ಯಾರೇ ಇರಲಿ, ದಕ್ಷಿಣದಲ್ಲಿ ಮೊದಲ ಪಾಠ ಒಂದೇ. ಉತ್ತರ ಹಿಂದೂಸ್ಥಾನದಲ್ಲಿ ಅಂತಹ ಸರ್ವಸಾಧಾರಣವಾದ ಪಾಠಕ್ರಮವು ಬಹುಕಾಲ ಇರಲಿಲ್ಲ. ಆ ಕೊರತೆಯನ್ನು ನೀಗಲು ತಮ್ಮ ಆಯುಷ್ಯವನ್ನೇ ಸವೆಸಿದವರು ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು.

ಇವರು 1860ನೆಯ ಇಸವಿ ಆಗಸ್ಟ್ 10ರಂದು ಮುಂಬಯಿಯ ವಾಳಕೇಶ್ವರದಲ್ಲಿ ಜನಿಸಿದರು. ಬಾಲ್ಯದಿಂದಲೇ ಗಾನದಲ್ಲಿ ಅಭಿರುಚಿ. ವಿದ್ಯಾರ್ಥಿದೆಸೆಯಲ್ಲಿ ಸಿತಾರ್ ಅಭ್ಯಾಸ. 1885ರಲ್ಲಿ ಬಿ.ಎ., 1887ರಲ್ಲಿ ಎಲ್‌ಎಲ್.ಬಿ. ಪದವಿಗಳನ್ನು ಪಡೆದು ವಕೀಲವೃತ್ತಿಯನ್ನು ಹಿಡಿದರು. ಆದರೆ ಸಂಜೆಯ ಹೊತ್ತೆಲ್ಲ ಮುಂಬಯಿಯ ಗಾಯನ ಉತ್ತೇಜಕ ಮಂಡಳಿಗೇ ಮೀಸಲು. ಅಲ್ಲಿ ರಾವಜೀಬುವಾ ಬೇಲಬಾಗಕರರಿಂದ ಧ್ರುಪದವನ್ನೂ, ಉಸ್ತಾದರಿಂದ ಖಯಾಲನ್ನೂ ಕಲಿತರು. ಕಲಿಯುತ್ತ ಹೋದಂತೆ ಒಂದು ಸಂದೇಹವು ಬಲವಾಯಿತು. ಒಂದೇ ರಾಗವನ್ನು ಒಬ್ಬೊಬ್ಬ ಗಾಯಕರು ಒಂದೊಂದು ಬಗೆಯಲ್ಲಿ ಹಾಡುವರು. ಕಾರಣವನ್ನು ಕೇಳಿದರೆ ಗುರುಗಳು ಹಾಗೆ ಕಲಿಸಿದರೆಂಬುದೇ ಉತ್ತರ. ಸಂಸ್ಕೃತ ಗ್ರಂಥಗಳನ್ನು ತೆರೆದರೆ ಅಲ್ಲಿನ ಲಕ್ಷಣಕ್ಕೂ ಕಿವಿಗೆ ಬೀಳುವ ಗಾನಕ್ಕೂ ಸಂಬಂಧವೇ ಕಾಣದು. ಇತ್ತ ಉಸ್ತಾದರಲ್ಲಿ ಅನೇಕರು ತಮ್ಮ ಚೀಜುಗಳನ್ನು ಮನೆಯ ಮಕ್ಕಳಿಗಲ್ಲದೆ ಅನ್ಯರಿಗೆ ಕೊಡುತ್ತಿರಲಿಲ್ಲ. ಮಕ್ಕಳಿಲ್ಲದವರ ವಿದ್ಯೆಯು ಅವರೊಂದಿಗೇ ಅಸ್ತಮಿಸುತ್ತಿತ್ತು.

1900ರಲ್ಲಿ ಪತ್ನಿಯೂ, 1903ರಲ್ಲಿ ಮಗಳೂ ಅಗಲಿದರು. ಆ ದುಃಖದ ಬಳಿಕ ಅವರು ಪುನಃ ಸಂಸಾರವನ್ನು ಕಟ್ಟಲಿಲ್ಲ, ವಕೀಲಿಯನ್ನೂ ಬಿಟ್ಟರು. 1904ರಲ್ಲಿ ದಕ್ಷಿಣದ ಯಾತ್ರೆಗೆ ಹೊರಟರು. ಮದರಾಸು, ತಂಜಾವೂರು, ಮಧುರೆಗಳನ್ನು ಸಂದರ್ಶಿಸಿ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ಹದಿನೇಳನೆಯ ಶತಮಾನದ ವೆಂಕಟಮಖಿಯ ಚತುರ್ದಂಡೀಪ್ರಕಾಶಿಕೆಯನ್ನೂ, ಅಲ್ಲಿ ನಿರೂಪಿತವಾದ 72 ಮೇಳಗಳನ್ನೂ ಅಭ್ಯಸಿಸಿದರು. ರಾಗಗಳ ಅರಣ್ಯದಲ್ಲಿ ದಾರಿ ಮಾಡುವ ಉಪಾಯವು ಅವರಿಗೆ ದೊರೆತುದು ಇಲ್ಲಿ. ಆಮೇಲೆ ಉತ್ತರದ ಸಂಸ್ಥಾನಗಳನ್ನೂ ಪುಸ್ತಕಭಂಡಾರಗಳನ್ನೂ ಸುತ್ತಿ, ಉತ್ತರದ ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿದರು. ದಾಸರ ಪಾಠಕ್ಕೆ ಆಶ್ರಯವಾದ ನಮ್ಮ ಮಾಯಾಮಾಳವಗೌಳದ ಸ್ವರಗಳೇ ಅವರ ಭೈರವ ಥಾಟು. ಶಂಕರಾಭರಣದ ಸ್ವರಗಳೇ ಬಿಲಾವಲ್ ಥಾಟು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಸಂಸ್ಕೃತವನ್ನು ಚೆನ್ನಾಗಿ ಬಲ್ಲ ಪಂಡಿತರಾಗಿದ್ದರೂ, ಗ್ರಂಥಕ್ಕೂ ಗಾನಕ್ಕೂ ವಿರೋಧ ಬಂದಲ್ಲಿ ಅವರು ಪ್ರಚಲಿತ ಗಾನವನ್ನೇ ಪ್ರಮಾಣವೆಂದರು. ಶಾಸ್ತ್ರವನ್ನು ಓದದ ಉಸ್ತಾದರ ಕಂಠದಲ್ಲಿದ್ದುದೇ ಲಕ್ಷ್ಯ. ಲಕ್ಷಣವು ಅದನ್ನು ಅನುಸರಿಸಬೇಕು. ಚತುರ ಪಂಡಿತನೆಂಬ ಗುಪ್ತನಾಮದಿಂದ ಅವರು ರಚಿಸಿದ ಸಂಸ್ಕೃತ ಗ್ರಂಥದ ಹೆಸರೇ ಶ್ರೀಮಲ್ಲಕ್ಷ್ಯಸಂಗೀತ. ಮರಾಠಿಯಲ್ಲಿ ನಾಲ್ಕು ಭಾಗಗಳ ಹಿಂದುಸ್ತಾನೀ ಸಂಗೀತ ಪದ್ಧತಿಯನ್ನೂ, ಆರು ಭಾಗಗಳ ಕ್ರಮಿಕ ಪುಸ್ತಕಮಾಲಿಕೆಯನ್ನೂ ಬರೆದರು. ಮಾಲಿಕೆಯಲ್ಲಿ ಸುಮಾರು 1800 ಚೀಜುಗಳು ಸ್ವರಲಿಪಿಸಹಿತವಾಗಿ ಅಚ್ಚಾದವು. ಕೋಮಲ ಸ್ವರಕ್ಕೆ ಕೆಳಗೊಂದು ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ನೆಟ್ಟಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ: ಇಷ್ಟು ಸುಲಭವಾದ ಲಿಪಿ ಅದು.

1916ರಲ್ಲಿ ಬರೋಡೆಯಲ್ಲಿ ಪ್ರಥಮ ಅಖಿಲ ಭಾರತ ಸಂಗೀತ ಪರಿಷತ್ತು ಅವರ ಪ್ರಯತ್ನದಿಂದ ಸೇರಿತು. 1918ರಲ್ಲಿ ಗ್ವಾಲಿಯರಿನ ಮಾಧವ ಸಂಗೀತ ವಿದ್ಯಾಲಯವೂ, 1926ರಲ್ಲಿ ಲಕ್ನೋದ ಮ್ಯಾರಿಸ್ ಸಂಗೀತ ಕಾಲೇಜೂ ಸ್ಥಾಪಿತವಾದವು. ಕಾಲೇಜಿನಲ್ಲಿ ಸಂಗೀತವನ್ನು ಓದುವುದೆಂದರೆ ಪುಸ್ತಕವನ್ನು ಉರುಹೊಡೆಯುವುದೆಂದು ಅನೇಕರ ಭಾವನೆ. ಭಾತಖಂಡೆಯವರ ಕ್ರಮವು ಹಾಗಲ್ಲ. ಮೊದಲು ಸ್ವರಸಾಧನೆ, ಅಲಂಕಾರ, ಬಳಿಕ ಸ್ವರಗಳಿಂದಲೇ ಕಟ್ಟಿದ ಸರಗಮ್, ಬಳಿಕ ಲಕ್ಷಣಗೀತ. ರಾಗದ ಥಾಟು, ವಾದಿ, ಸಂವಾದಿ, ವರ್ಜ್ಯಸ್ವರಗಳೆಲ್ಲ ಆ ಗೀತದ ಸಾಹಿತ್ಯದಲ್ಲೇ ಅಡಕವಾಗಿರುವವು. ಇಂತಹ ಗೀತಗಳನ್ನು ಅವರೇ ಹೇರಳವಾಗಿ ರಚಿಸಿದರು. ಶಿಷ್ಯನು ಲಕ್ಷಣವನ್ನು ಹಾಡುತ್ತಿರುವಾಗಲೇ ಅವನ ಕಿವಿಗೆ ಲಕ್ಷ್ಯವೂ ಬೀಳುವುದು. ಪಾಠಶಾಲೆಯಲ್ಲಿ ಗುರುಮುಖದಿಂದ ಕೇಳಿ, ಹೇಳಿ, ಅನಂತರ ಅರ್ಥವನ್ನು ಅರಿತ ನಮಗೆ ಈ ಕ್ರಮವು ಅಪರಿಚಿತವೆನಿಸುವುದಿಲ್ಲ. ಗುರುವು ಹಾಡಿದ ಸಂಚಾರವನ್ನು ಕೇಳಿದೊಡನೆ ಅದರ ಸ್ವರಗಳನ್ನು ಗುರುತಿಸುವುದೇ ಸ್ವರಜ್ಞಾನ. ಅದಿಲ್ಲದ ಶಾಸ್ತ್ರಜ್ಞಾನವು ಉಪ್ಪಿಲ್ಲದ ಅಡಿಗೆ.

ಆಕ್ಷೇಪಣೆಗಳು ಇಲ್ಲದಿರಲಿಲ್ಲ. ಮೀಂಡು, ಆಂದೋಲನಗಳು ಲಿಪಿಯಲ್ಲಿ ಹಿಡಿಯುವುವೇ, ಎಲ್ಲ ರಾಗಗಳೂ ಹತ್ತೇ ಥಾಟುಗಳಲ್ಲಿ ಅಡಗುವುವೇ ಎಂದು ವಿದ್ವಾಂಸರು ಪ್ರಶ್ನಿಸಿದರು, ಇಂದಿಗೂ ಪ್ರಶ್ನಿಸುತ್ತಾರೆ. ಉಸ್ತಾದರ ವಿಷಯದಲ್ಲಿ ಅವರ ಮಾತು ಕೆಲವೊಮ್ಮೆ ಕಠಿನವಾಗಿತ್ತೆಂಬುದೂ ಸತ್ಯ. ಕಾಲೇಜುಗಳಿಂದ ದೊಡ್ಡ ಗಾಯಕರಿಗಿಂತ ಶಿಕ್ಷಕರೇ ಹೆಚ್ಚು ಬಂದರೆಂಬ ಮಾತನ್ನೂ ಅಲ್ಲಗಳೆಯಲಾರೆವು. ಆದರೆ ಆ ಶಿಕ್ಷಕರಿಂದಲೇ ವಿದ್ಯೆಯು ಸಾಮಾನ್ಯ ಗೃಹಸ್ಥರ ಮನೆಯ ಗಂಡುಹೆಣ್ಣು ಮಕ್ಕಳವರೆಗೂ ಬಂದಿತು. 1928ರಿಂದ ಲಕ್ನೋ ಕಾಲೇಜಿನ ಹೊಣೆ ಹೊತ್ತವರು ಭಾತಖಂಡೆಯವರ ಪ್ರಿಯಶಿಷ್ಯ ಶ್ರೀಕೃಷ್ಣ ನಾರಾಯಣ ರಾತಾಂಜನಕರರು. ಬೆಂಗಳೂರಿನ ಚಿದಾನಂದ ನಗರಕರರೂ, ಬೈಲಹೊಂಗಲದಲ್ಲಿ ಹುಟ್ಟಿದ ಕೃಷ್ಣ ಗುಂಡೋಪಂತ ಗಿಂಡೆಯವರೂ ಅವರಲ್ಲಿ ಕಲಿತು ಕೀರ್ತಿವಂತರಾದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಕೊನೆಯ ಮೂರು ವರ್ಷ ಭಾತಖಂಡೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರು. 1936ರ ಸೆಪ್ಟೆಂಬರ್ 19ರಂದು, ಗಣೇಶ ಚತುರ್ಥಿಯ ದಿನ, ಇಹಲೋಕವನ್ನು ತ್ಯಜಿಸಿದರು. ಕ್ರಮಿಕ ಪುಸ್ತಕಮಾಲಿಕೆಯ ಕೊನೆಯ ಭಾಗವು ಅವರ ನಿಧನಾನಂತರ, 1937ರಲ್ಲಿ ಹೊರಬಂದಿತು. ಅವರು ನೆಟ್ಟ ಲಕ್ನೋದ ಕಾಲೇಜು 1966ರಲ್ಲಿ ಅವರ ಹೆಸರನ್ನೇ ಧರಿಸಿ, ಈಗ ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ಮನೆಮಠಗಳನ್ನು ಕಳೆದುಕೊಂಡವರು ವೈರಾಗ್ಯದಿಂದ ಮೌನವನ್ನು ಹಿಡಿಯುವುದುಂಟು. ಇವರಾದರೋ ಪರರ ಕಂಠದಲ್ಲಿ ಅಳಿದುಹೋಗಲಿದ್ದುದನ್ನು ಕೇಳಿ, ಬರೆದು, ಪರರ ಮಕ್ಕಳಿಗೆ ಒಪ್ಪಿಸಿದರು. ನಮ್ಮ ಮಕ್ಕಳು ಸಂಗೀತದ ಪರೀಕ್ಷೆಗೆ ಪುಸ್ತಕವನ್ನು ಹಿಡಿದು ಕುಳಿತಾಗ, ಲಕ್ಷಣವನ್ನು ಒಪ್ಪಿಸೆಂದು ಕೇಳುವುದಕ್ಕೆ ಮುಂಚೆ ಆ ರಾಗವನ್ನು ಒಮ್ಮೆ ಹಾಡೆಂದು ಹೇಳೋಣ. ಅದೇ ಈ ಮಹನೀಯರಿಗೆ ನಾವು ಸಲ್ಲಿಸಬಹುದಾದ ಸ್ಮರಣೆ.