ಪಾದ್ರಿಗಳ ಕಾಲೇಜಿನಲ್ಲಿ ಓದಿದ ಜಸ್ಟಿಸ್ ಹೆಗ್ಡೆ

ದೇರಳಕಟ್ಟೆಯ ಹೆಗ್ಡೆ ಆಸ್ಪತ್ರೆಯ ಮೆಟ್ಟಿಲು ಹತ್ತದ ಬ್ಯಾರಿ ಮನೆ ನಮ್ಮ ಉಳ್ಳಾಲ, ಕೋಣಾಜೆ ಕಡೆ ಕಡಿಮೆ. ಹೆರಿಗೆ, ಅಪಘಾತ, ಅಜ್ಜಿಯ ಕಣ್ಣು, ಮಗುವಿನ ಜ್ವರ, ಎಲ್ಲಕ್ಕೂ ಅಲ್ಲಿಗೆ ಓಡುತ್ತೇವೆ. ಬೋರ್ಡಿನ ಮೇಲೆ ಜಸ್ಟಿಸ್ ಕೆ.ಎಸ್. ಹೆಗ್ಡೆ ಅಂತ ದೊಡ್ಡದಾಗಿ ಬರೆದಿದೆ. ಆದರೆ ಆ ಹೆಗ್ಡೆ ಯಾರು, ಏನು ಮಾಡಿದರು ಅಂತ ಮನೆಯಲ್ಲಿ ಕೇಳಿ ನೋಡಿ. ಹೆಚ್ಚಿನವರು ಸುಮ್ಮನಾಗುತ್ತಾರೆ. ನಾವೂ ಬಹಳ ಕಾಲ ಹಾಗೇ ಇದ್ದವರು. ಅವರ ಬಗ್ಗೆ ಓದಿ ತಿಳಿಯುವಂತೆ ಮಾಡಿದ್ದು ಒಂದು ಪ್ರವಾಸ.

ರಜೆಯಲ್ಲಿ ಮದ್ರಸದ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆವು. ಕೆಲವು ಮಕ್ಕಳ ತಂದೆಯರೂ ಜೊತೆಗಿದ್ದರು. ಗುಂಬಜ್‌ನಲ್ಲಿ ಹೈದರಲಿ ಮತ್ತು ಟಿಪ್ಪು ಸುಲ್ತಾನರ ಕಬರ್ ಬಳಿ ಫಾತಿಹಾ ಓದಿ, ನದಿಯಾಚೆ ಕರಿಘಟ್ಟದ ಬೆಟ್ಟ ಕಾಣುವ ಕಡೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತೆವು. ಆಗ ಒಬ್ಬ ತಂದೆ ನಮ್ಮ ಪಕ್ಕಕ್ಕೆ ಬಂದು ಮೆಲ್ಲಗೆ ಒಂದು ವಿಷಯ ಎತ್ತಿದರು. ಮಗನಿಗೆ ಪಿಯುಸಿಗೆ ಪಾದ್ರಿಗಳ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮನೆಯವರಿಗೆ ಖುಷಿ, ಸಂಬಂಧಿಕರಿಗೆ ಮಾತ್ರ ಅನುಮಾನ. ಅಲ್ಲಿ ಹೋದರೆ ಹುಡುಗನ ದೀನ್ ಸಡಿಲ ಆಗ್ತದೆ ಅಂತ ಹೆದರಿಸಿದ್ದಾರಂತೆ. ಉಸ್ತಾದರಾದ ನಾವು ಏನು ಹೇಳ್ತೇವೆ ಅಂತ ಅವರು ಕಾಯುತ್ತಿದ್ದರು.

ಆ ಜಾಗದಲ್ಲಿ ಈ ಪ್ರಶ್ನೆ ಬಂದದ್ದೇ ಒಂದು ವಿಶೇಷ. ನಮ್ಮ ಕರಾವಳಿಯ ಕೆಥೊಲಿಕರ ಇತಿಹಾಸದ ಕಹಿ ಅಧ್ಯಾಯ ಇರುವುದು ಅದೇ ಶ್ರೀರಂಗಪಟ್ಟಣದಲ್ಲಿ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಸಾವಿರಾರು ಮಂದಿ ಕೆಥೊಲಿಕರನ್ನು ಕೆನರಾದಿಂದ ಘಟ್ಟ ಹತ್ತಿಸಿ ಅಲ್ಲಿಗೆ ಸಾಗಿಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ, ಸುಲ್ತಾನರು ಹುತಾತ್ಮರಾದ ಮೇಲೆ. ಟಿಪ್ಪು ಸುಲ್ತಾನರ ಮೇಲೆ ನಮಗಿರುವ ಪ್ರೀತಿ ದೊಡ್ಡದು. ಹಾಗಂತ ಈ ಸಂಗತಿಯನ್ನು ಮಕ್ಕಳಿಂದ ಮುಚ್ಚಿಡುವುದು ಸರಿಯಲ್ಲ. ನೆರೆಯವನ ನೋವು ತಿಳಿಯದೆ ನೆರೆಯ ಹಕ್ಕು ತಿಳಿಯುವುದು ಹೇಗೆ?

ಹಾಗೆ ಬರಿಗೈಯಲ್ಲಿ ಮರಳಿದ ಸಮುದಾಯ ಮುಂದೆ ಏನು ಮಾಡಿತು ಎಂಬುದೇ ನಮಗೆ ಪಾಠ. ಅವರು ಹೊಲಗದ್ದೆ ಮತ್ತೆ ಎಬ್ಬಿಸಿಕೊಂಡರು, ಇಗರ್ಜಿ ಕಟ್ಟಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ, ತಮ್ಮ ಮಕ್ಕಳಿಗೆ ಒಂದು ಒಳ್ಳೆ ಕಾಲೇಜು ಬೇಕೆಂದು ರೋಮಿನವರೆಗೆ ಬೇಡಿಕೆ ಇಟ್ಟರು. ಇಟಲಿಯ ಜೆಸುಯಿಟ್ ಪಾದ್ರಿಗಳು ಬಂದರು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಶುರುವಾಯಿತು. ಆಮೇಲೆ ಅದು ಲೈಟ್‌ಹೌಸ್ ಗುಡ್ಡಕ್ಕೆ ಹೋಯಿತು. ಅಲ್ಲೇ ಹತ್ತಿರದಲ್ಲಿ ನಮ್ಮ ಬಾವುಟಗುಡ್ಡೆಯ ಈದ್ಗಾ. ಪ್ರತಿ ಪೆರ್ನಾಳ್‌ಗೆ ನಾವು ನಮಾಝ್ ಮಾಡುವ ಗುಡ್ಡವೂ ಅವರು ಪಾಠ ಮಾಡುವ ಗುಡ್ಡವೂ ಒಂದೇ ಅಂತ ನಾವು ಯೋಚಿಸಿದ್ದೇ ಕಡಿಮೆ. ಆ ಕಾಲೇಜಿನ ಬಾಗಿಲು ಕೆಥೊಲಿಕರಿಗೆ ಮಾತ್ರ ತೆರೆದಿರಲಿಲ್ಲ. ಬಂಟರು, ಬಿಲ್ಲವರು, ಕೊಂಕಣಿಗಳು, ಬ್ಯಾರಿಗಳು, ಎಲ್ಲರ ಮಕ್ಕಳೂ ಅಲ್ಲಿ ಓದಿದರು. ಕೇಂದ್ರ ಮಂತ್ರಿಯಾದ ಜಾರ್ಜ್ ಫೆರ್ನಾಂಡಿಸ್, ಬೂಕರ್ ಪ್ರಶಸ್ತಿ ಪಡೆದ ಅರವಿಂದ ಅಡಿಗ ಅಲ್ಲಿಂದ ಬಂದವರು. ಆದರೆ ನಾವು ಹೇಳಹೊರಟದ್ದು ಅವರಿಗಿಂತ ಹಿಂದಿನ ಒಬ್ಬ ವಿದ್ಯಾರ್ಥಿಯ ಕಥೆ.

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಬಂಟರ ಮನೆತನ, ಬೇಸಾಯದ ಊರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹಳ್ಳಿಯ ಹುಡುಗ ಮುಂದೆ ಓದಬೇಕಾದರೆ ಮೊದಲು ಮಂಗಳೂರು, ಅದರಾಚೆಗೆ ಮದ್ರಾಸ್. ಹೆಗ್ಡೆಯವರೂ ಅದೇ ದಾರಿ ಹಿಡಿದರು. ಮಂಗಳೂರಿನಲ್ಲಿ ಸಂತ ಅಲೋಶಿಯಸ್, ಮದ್ರಾಸಿನಲ್ಲಿ ಪ್ರೆಸಿಡೆನ್ಸಿ ಕಾಲೇಜು, ಅದರ ನಂತರ ಲಾ ಕಾಲೇಜು. ಜೆಸುಯಿಟ್ ಪಾದ್ರಿಗಳ ಶಿಸ್ತು ಹೆಸರಾದದ್ದು. ಹೊತ್ತಿಗೆ ಸರಿಯಾಗಿ ತರಗತಿ, ತಿದ್ದಿ ತಿದ್ದಿ ಬರೆಸುವ ಇಂಗ್ಲಿಷು, ನಿಂತು ಮಾತಾಡುವ ಅಭ್ಯಾಸ. ಅಲ್ಲಿ ಕಲಿತ ಹೆಗ್ಡೆಯವರು ಕ್ರಿಶ್ಚಿಯನ್ ಆಗಲಿಲ್ಲ. ತನ್ನ ಮನೆಯ ನಂಬಿಕೆಯಲ್ಲೇ ಕೊನೆವರೆಗೂ ಬಾಳಿದರು.

ವಕೀಲರಾಗಿ ಊರಿನ ಕೋರ್ಟುಗಳಲ್ಲಿ ಹೆಸರು ಮಾಡಿದ ಮೇಲೆ, 1947ರಿಂದ 1951ರವರೆಗೆ ಸರಕಾರಿ ವಕೀಲರಾಗಿ ಕೆಲಸ ಮಾಡಿದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತದ ನಿಯೋಗದಲ್ಲೂ ಇದ್ದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದಿಲ್ಲಿ ಹೈಕೋರ್ಟ್ ಹೊಸದಾಗಿ ಶುರುವಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಇವರೇ. ಮರುವರ್ಷ, 1967ರಲ್ಲಿ, ಸುಪ್ರೀಂ ಕೋರ್ಟು. ಕೌಡೂರಿನ ಹುಡುಗನಿಗೆ ಇದಕ್ಕಿಂತ ದೊಡ್ಡದು ಏನು ಬೇಕು? ಇಲ್ಲಿಗೇ ಕಥೆ ಮುಗಿದಿದ್ದರೆ ಇವರೂ ಒಬ್ಬ ದೊಡ್ಡ ಹುದ್ದೆಯ ಮನುಷ್ಯ, ಅಷ್ಟೇ ಆಗುತ್ತಿದ್ದರು.

ಪರೀಕ್ಷೆ ಬಂದದ್ದು ನಮ್ಮ ಕಾಸರಗೋಡಿನ ಒಂದು ಕೇಸಿನಿಂದ. ಕೇರಳದ ಭೂಸುಧಾರಣೆ ಕಾನೂನಿನಿಂದ ಎಡನೀರು ಮಠದ ಜಮೀನಿಗೆ ಕುತ್ತು ಬಂದಾಗ, ಮಠದ ಸ್ವಾಮಿ ಕೇಶವಾನಂದ ಭಾರತಿಯವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಜಮೀನಿನ ವ್ಯಾಜ್ಯವಾಗಿ ಶುರುವಾದ ಕೇಸು ಬೆಳೆಯುತ್ತಾ ಹೋಗಿ ಒಂದು ದೊಡ್ಡ ಪ್ರಶ್ನೆಗೆ ಬಂದು ನಿಂತಿತು. ಪಾರ್ಲಿಮೆಂಟಿನಲ್ಲಿ ಬಹುಮತ ಇದ್ದರೆ ಸಂವಿಧಾನವನ್ನು ಹೇಗೆ ಬೇಕಾದರೂ ಬದಲಾಯಿಸಬಹುದೇ? ಇದನ್ನು ಕೇಳಲು 13 ಮಂದಿ ನ್ಯಾಯಾಧೀಶರು ಒಟ್ಟಿಗೆ ಕುಳಿತರು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು. 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ಪಾರ್ಲಿಮೆಂಟ್ ತಿದ್ದುಪಡಿ ಮಾಡಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಅಂತ ಆ 7 ಮಂದಿ ಹೇಳಿದರು. ಅವರಲ್ಲಿ ಹೆಗ್ಡೆ ಒಬ್ಬರು. ಜಸ್ಟಿಸ್ ಮುಖರ್ಜಿಯಾ ಜೊತೆ ಸೇರಿ ಅವರು ತೀರ್ಪು ಬರೆದಿದ್ದರು. ಒಂದೇ ಒಂದು ಮತ ಆಚೀಚೆ ಆಗಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು.

ಇದು ವಕೀಲರ ವಿಷಯ, ನಮಗೇನು ಅಂತ ಅನ್ನಿಸಬಹುದು. ಹಾಗಲ್ಲ. ನಮ್ಮ ಮಸೀದಿ, ನಮ್ಮ ಮದ್ರಸ, ಕ್ರಿಶ್ಚಿಯನ್ನರ ಶಾಲೆ, ಎಲ್ಲಕ್ಕೂ ಆಸರೆ ಸಂವಿಧಾನವೇ. ಧರ್ಮದಂತೆ ಬಾಳುವ ಹಕ್ಕು 25ನೇ ವಿಧಿಯಲ್ಲಿದೆ, ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು 30ನೇ ವಿಧಿಯಲ್ಲಿದೆ. ಮುಂದೆ 1994ರಲ್ಲಿ ನಮ್ಮ ರಾಜ್ಯದ ಎಸ್.ಆರ್. ಬೊಮ್ಮಾಯಿ ಕೇಸಿನಲ್ಲಿ, ಜಾತ್ಯತೀತತೆಯೂ ಆ ಮೂಲ ರಚನೆಯ ಭಾಗ ಅಂತ ಸುಪ್ರೀಂ ಕೋರ್ಟು ಹೇಳಿತು. ಆ ಮಾತಿಗೆ ಪಂಚಾಂಗ ಹಾಕಿದ್ದು 1973ರ ತೀರ್ಪು. ಒಬ್ಬ ಹಿಂದೂ ಸ್ವಾಮಿಯ ಕೇಸು, ಪಾದ್ರಿಗಳ ಕಾಲೇಜಿನಲ್ಲಿ ಓದಿದ ಬಂಟ ನ್ಯಾಯಾಧೀಶ, ಅದರ ನೆರಳು ಇವತ್ತು ಬ್ಯಾರಿ ಮನೆಯ ಮೇಲೂ ಇದೆ. ನಮ್ಮ ಕರಾವಳಿ ಅಂದ್ರೆ ಇದೇ ಅಲ್ಲವೇ?

ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಹೆಗ್ಡೆಯವರಿಗೆ ಆ ಬೆಲೆ ಮರುದಿನವೇ ಬಂತು. ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾಗುವವರಿದ್ದರು. ಸೇವೆಯಲ್ಲಿ ಹಿರಿಯರಾದವರು ಆ ಸ್ಥಾನಕ್ಕೆ ಬರುವುದು ಪದ್ಧತಿ. ಸರದಿಯಲ್ಲಿ ಶೆಲತ್, ಹೆಗ್ಡೆ, ಗ್ರೋವರ್ ಇದ್ದರು. ಮೂವರೂ ಸರಕಾರಕ್ಕೆ ಹಿಡಿಸದ ತೀರ್ಪು ಕೊಟ್ಟವರು. ಇಂದಿರಾ ಗಾಂಧಿ ಸರಕಾರ ಮೂವರನ್ನೂ ದಾಟಿ ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಕೂರಿಸಿತು. ಶೆಲತ್ ನಿವೃತ್ತಿಯ ನಂತರ ದೇಶದ ಮುಖ್ಯ ನ್ಯಾಯಮೂರ್ತಿ ಆಗುವ ಸರದಿ ಹೆಗ್ಡೆಯವರದ್ದಾಗಿತ್ತು. ಅದು ಕೈತಪ್ಪಿತು. ಸುಮ್ಮನಿದ್ದು ಉಳಿದ ಒಂದು ವರ್ಷದ ಸಂಬಳ, ಬಂಗಲೆ ಅನುಭವಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಸೂರಃ ಅನ್ನಿಸಾಅ್ ಕಲಿಸುವಾಗ, ತನಗೇ ನಷ್ಟವಾದರೂ ನ್ಯಾಯದ ಮೇಲೆ ಗಟ್ಟಿಯಾಗಿ ನಿಲ್ಲಬೇಕು ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೇಳಿಕೊಡುವುದು ಸುಲಭ. ಕುರ್ಚಿ ಕಣ್ಣೆದುರು ಇದ್ದಾಗ ನಿಲ್ಲುವುದು ಎಷ್ಟು ಜನರಿಂದ ಆಗ್ತದೆ? ನಮ್ಮ ಜಮಾಅತ್ ಕಮಿಟಿಯ ಸಣ್ಣ ಸ್ಥಾನಕ್ಕೂ ನಾವು ಎಷ್ಟು ಜಗಳ ಆಡುತ್ತೇವೆ ಅಂತ ನೆನಪಿಸಿಕೊಂಡರೆ ನಾಚಿಕೆ ಆಗುತ್ತದೆ.

ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರ ಚುನಾವಣೆಯಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ಆ ಸಲ ಕರ್ನಾಟಕದ 28 ಸೀಟುಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಎರಡೇ. ಅದೇ ಜುಲೈಯಲ್ಲಿ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಲು ಸ್ಪೀಕರ್ ಸ್ಥಾನ ಬಿಟ್ಟರು. ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದರು. 1980ರ ಜನವರಿವರೆಗೆ ಆ ಪೀಠದಲ್ಲಿದ್ದರು.

ಇನ್ನೊಂದು ಕೆಲಸವನ್ನು ಮರೆಯಬಾರದು. ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ತನ್ನ ಊರಿನ ಪಕ್ಕದ ನಿಟ್ಟೆಯಲ್ಲಿ ಒಂದು ವಿದ್ಯಾಸಂಸ್ಥೆ ಹುಟ್ಟುಹಾಕಿದರು. ಶುರುವಾದದ್ದು ಹಳ್ಳಿ ಮಕ್ಕಳ ಹೈಸ್ಕೂಲಿನಿಂದ. ತಾನು ಓದಲು ಊರು ಬಿಡಬೇಕಾಯಿತು, ಮುಂದಿನವರಿಗೆ ಊರಲ್ಲೇ ಸಿಗಲಿ ಎಂಬ ಹಾಗೆ. 1990ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ದೇರಳಕಟ್ಟೆಯ ಮೆಡಿಕಲ್ ಕಾಲೇಜು ಶುರುವಾದದ್ದು ಅವರು ಹೋದ ಮೇಲೆ, 1999ರಲ್ಲಿ. ಇವತ್ತು ಅಲ್ಲಿ ಬಿಳಿ ಕೋಟು ಹಾಕಿ ಓಡಾಡುವ ನಮ್ಮ ಹುಡುಗಿಯರನ್ನು ನೋಡಿದಾಗ ನಮಗೆ ಆ ಹಳ್ಳಿ ಹೈಸ್ಕೂಲು ನೆನಪಾಗುತ್ತದೆ.

ಸೆರೆಯಿಂದ ಬರಿಗೈಯಲ್ಲಿ ಬಂದವರು ಕಾಲೇಜು ಕಟ್ಟಿದರು. ಆ ಕಾಲೇಜಿನಲ್ಲಿ ಓದಿದ ಒಬ್ಬರು ಮತ್ತೊಂದು ಶಾಲೆ ಕಟ್ಟಿದರು. ಅದರ ಫಲ ನಾವು ತಿನ್ನುತ್ತಿದ್ದೇವೆ. ಈಗ ನಮ್ಮ ಸರದಿ. ಮದುವೆ ಹಾಲಿಗೆ ಸುರಿಯುವ ಹಣದಲ್ಲಿ ಒಂದು ಪಾಲು, ನೆರೆಯ ಮಕ್ಕಳೂ ಬಂದು ಕಲಿಯುವಂಥ ಒಳ್ಳೆ ಶಾಲೆಗೆ ಹೋದರೆ ಸಾಕು.

ಆ ತಂದೆಗೆ ಅಂದು ಕರಿಘಟ್ಟದ ಎದುರು ನಾವು ಪೂರ್ತಿ ಉತ್ತರ ಕೊಡಲಿಲ್ಲ. ಊರಿಗೆ ಬಂದು ಹೆಗ್ಡೆಯವರ ವಿಷಯ ಓದಿದ ಮೇಲೆ ಹೋಗಿ ಹೇಳಿದೆವು. ಮಗನನ್ನು ಧೈರ್ಯವಾಗಿ ಕಳಿಸಿ. ಅಲ್ಲಿನ ಶಿಸ್ತು, ಓದು, ನೆಟ್ಟಗೆ ನಿಲ್ಲುವ ಗುಣ ಕಲಿತು ಬರಲಿ. ದೀನ್ ಕಾಪಾಡುವ ಹೊಣೆ ಕಾಲೇಜಿನದ್ದಲ್ಲ, ಮನೆಯದ್ದು ಮತ್ತು ನಮ್ಮ ಮದ್ರಸದ್ದು. ಸುಬಹಿಗೆ ಎಬ್ಬಿಸುವ ತಂದೆ ಮನೆಯಲ್ಲಿದ್ದರೆ ಹೆದರಬೇಕಾಗಿಲ್ಲ. ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಜುಮಾಕ್ಕೂ ತಪ್ಪದೆ ಬರುತ್ತಿದ್ದಾನೆ, ಅಲ್‌ಹಮ್ದುಲಿಲ್ಲಾಹ್.