ಡಾ. ಯೆಲ್ಲಾಪ್ರಗಡ ಸುಬ್ಬರಾವ್ (1895–1948): ರಕ್ತ ಕ್ಯಾನ್ಸರ್ ಔಷಧಿಯ ಆದ್ಯ ಸಂಶೋಧಕರು

ಜನನ ಮತ್ತು ವಿದ್ಯಾಭ್ಯಾಸ

ಡಾ. ಯೆಲ್ಲಾಪ್ರಗಡ ಸುಬ್ಬರಾವ್ ಅವರು 1895ರ ಜನವರಿ 12ರಂದು ಆಂಧ್ರದ ಭೀಮಾವರಂನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಧರಿಸಿದ್ದರಿಂದ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಪರಿಣಾಮವಾಗಿ ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ದೊರೆಯಿತು.

ಅಮೇರಿಕೆಯಲ್ಲಿ ಸಂಶೋಧನೆ

ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಬೋಧಿಸಿದ ತರುವಾಯ ಅವರು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಜೀವನ ನಿರ್ವಹಣೆಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪರಿಚಾರಕರಾಗಿ ದುಡಿದರು. ರಕ್ತ ಮತ್ತು ಮೂತ್ರದಲ್ಲಿನ ರಂಜಕದ ಪ್ರಮಾಣವನ್ನು ಅಳೆಯಲು 1925ರಲ್ಲಿ ಫಿಸ್ಕೆ ಅವರೊಂದಿಗೆ ರೂಪಿಸಿದ ವಿಧಾನವು ಇಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿ, ಮುಂದೆ ಅದರ ಸಂಶೋಧನಾ ನಿರ್ದೇಶಕರಾದರು.

ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ಕೊಡುಗೆ

ರಕ್ತಕಣಗಳ ಉತ್ಪತ್ತಿಗೆ ಫೋಲಿಕ್ ಆಮ್ಲವೆಂಬ ಜೀವಸತ್ವ ಅವಶ್ಯಕ. ಅವರ ತಂಡವು 1945ರಲ್ಲಿ ಇದನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಬಲಿ ಪಡೆದ ಸ್ಪ್ರೂ ಕಾಯಿಲೆಗೂ ಇದು ಔಷಧಿಯಾಯಿತು. ಆದರೆ ಬಾಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅವರು ರಕ್ತ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಫೋಲಿಕ್ ಆಮ್ಲ ವರ್ಗದ ಔಷಧಿ ನೀಡಿದಾಗ ರೋಗವು ಉಲ್ಬಣಿಸಿದಂತೆ ಕಂಡುಬಂದಿತು. ಹಾಗಿದ್ದಲ್ಲಿ ಈ ಜೀವಸತ್ವವನ್ನು ತಡೆದರೆ ರೋಗವೂ ತಗ್ಗಬೇಕೆಂಬ ತರ್ಕ ಮೂಡಿತು. ಸುಬ್ಬರಾವ್ ಅವರ ತಂಡವು ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕಾರ್ಯಕ್ಕೆ ತಡೆಯೊಡ್ಡುವ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಸಿದ್ಧಪಡಿಸಿ ಒದಗಿಸಿತು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ತಾತ್ಕಾಲಿಕ ಚೇತರಿಕೆ ಕಂಡುಬಂದಿತು. ಅಲ್ಲಿಯವರೆಗೆ ಈ ಕಾಯಿಲೆಗೆ ಪರಿಣಾಮಕಾರಿ ಔಷಧಿಯೇ ಇರಲಿಲ್ಲ. ಇದೇ ವರ್ಗದ ಮೆಥೊಟ್ರೆಕ್ಸೇಟ್ ಔಷಧಿಯು ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.

ಇತರ ಕೊಡುಗೆಗಳು

ಕಲಬುರಗಿ, ಬೀದರ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಆನೆಕಾಲು ರೋಗ ನಿಯಂತ್ರಣಕ್ಕಾಗಿ ಸಾಮೂಹಿಕವಾಗಿ ನೀಡಲಾದ ಡಿ.ಇ.ಸಿ. ಮಾತ್ರೆಯೂ ಅವರ ಮಾರ್ಗದರ್ಶನದ ಸಂಶೋಧನೆಯ ಫಲವೇ ಆಗಿದೆ.

ನಿಧನ

ಸದರಿ ವರದಿ ಪ್ರಕಟವಾದ ಎರಡೇ ತಿಂಗಳಲ್ಲಿ, 1948ರ ಆಗಸ್ಟ್‌ನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ಅವರು ಹೃದಯಾಘಾತದಿಂದ ನಿಧನ ಹೊಂದಿದರು. ಅವರು ತಾಯ್ನಾಡಿಗೆ ಮರಳಲೇ ಇಲ್ಲ. ಅವರ ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಸಾರ್ವಜನಿಕರ ಗಮನಕ್ಕೆ

ಅಂದು ಅಸಾಧ್ಯವೆನಿಸಿದ್ದ ಮಕ್ಕಳ ರಕ್ತ ಕ್ಯಾನ್ಸರ್ ಇಂದು ಸಕಾಲದಲ್ಲಿ ಪೂರ್ಣ ಚಿಕಿತ್ಸೆ ಪಡೆದಲ್ಲಿ ಬಹಳಷ್ಟು ಮಕ್ಕಳಲ್ಲಿ ಗುಣವಾಗುತ್ತದೆ. ಬಿಡದ ಜ್ವರ, ದೇಹ ಬಿಳಿಚುವಿಕೆ, ವಸಡಿನಲ್ಲಿ ರಕ್ತಸ್ರಾವ, ಮೂಳೆ ನೋವು ಅಥವಾ ಕತ್ತಿನಲ್ಲಿ ಗಡ್ಡೆ ಕಂಡುಬಂದಲ್ಲಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ನಾಗರಿಕರು ವಿಳಂಬ ಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಗರ್ಭಿಣಿಯರು ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ತಪ್ಪದೇ ಸೇವಿಸುವುದು.