ಗಂಜಿಯ ಋಣ ಮರೆಯದ ಸಂತ

ಆಪತ್ತಿಗಾದವನೇ ನಿಜವಾದ ಸ್ನೇಹಿತ ಎಂಬುದು ನಮ್ಮ ಹಿರಿಯರ ಅನುಭವವಾಣಿ. ಕ್ರೈಸ್ತ ವಿಶ್ವಾಸವು ಈ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಕಷ್ಟಕಾಲದಲ್ಲಿ ನಮಗೆ ಯಾರು ಆದರು ಎಂದು ಲೆಕ್ಕವಿಡುವುದಕ್ಕಿಂತ, ನಾವು ಯಾರಿಗೆ ಆದೆವು ಎಂದು ಕೇಳಿಕೊಳ್ಳುವಂತೆ ಅದು ನಮ್ಮನ್ನು ಪ್ರೇರೇಪಿಸುತ್ತದೆ. ಧರ್ಮಸಭೆಯು ಪ್ರತಿವರ್ಷ ಜನವರಿ 16ರಂದು ಸ್ಮರಿಸುವ ಸಂತ ಜೋಸೆಫ್ ವಾಝ್ ಅವರ ಬದುಕಿನಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ.

ಜೋಸೆಫ್ ವಾಝ್ ಅವರು ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದ ಅವರು ಮರುವರ್ಷವೇ ತಮ್ಮನ್ನು ಮಾತೆ ಮರಿಯಳ ದಾಸನೆಂದು ಲಿಖಿತವಾಗಿ ಸಮರ್ಪಿಸಿಕೊಂಡರು. 1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಕಳುಹಿಸಲಾಯಿತು. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು. ಗೋವೆಯಿಂದ ವಲಸೆ ಬಂದು ನೆಲೆಸಿದ್ದ ನಮ್ಮ ಪೂರ್ವಜರು ಕರಾವಳಿಯುದ್ದಕ್ಕೂ ಚದುರಿಹೋಗಿದ್ದರು. ಗುರುಗಳು ವಿರಳ, ಇದ್ದವರಲ್ಲಿಯೂ ಅಧಿಕಾರವು ಗೋವೆಯದೋ ರೋಮಿನ ಪ್ರತಿನಿಧಿಯದೋ ಎಂಬ ವಿವಾದ. ವಾಝ್ ಅವರು ಆ ಕಲಹದಲ್ಲಿ ಕಿಡಿ ಹಚ್ಚದೆ ಸಮಾಧಾನದ ದಾರಿಯನ್ನು ಹುಡುಕಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿ ಮುಂತಾದೆಡೆ ಸಂಚರಿಸಿ ಜನರನ್ನು ಮತ್ತೆ ಒಂದುಗೂಡಿಸಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡಕ್ಕೆ ಇಂದಿಗೂ ಭಕ್ತರು ಅವರ ನೆನಪಿನಲ್ಲಿ ಹೋಗುತ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಹಳೆ ಗೋವೆಯ ಓರೆಟರಿ ಗುರುಗಳ ಬಳಗವನ್ನು ಸೇರಿದರು. ಆದರೆ ಅವರ ಮನಸ್ಸು ಶ್ರೀಲಂಕೆಯತ್ತ ತುಡಿಯುತ್ತಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ವಶಪಡಿಸಿಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಒಂದು ಇಡೀ ಪೀಳಿಗೆ ಬೆಳೆದಿತ್ತು. ಆ ಅನಾಥ ಜನರ ಜೊತೆಗಿರಬೇಕೆಂಬ ಹಂಬಲದಿಂದ ಅವರು 1686ರಲ್ಲಿ ಗೋವೆಯನ್ನು ಬಿಟ್ಟು ಹೊರಟರು.

ಅವರೊಡನೆ ಕೊನೆಯವರೆಗೆ ಮುಂದುವರಿದವನು ಜುವಾಂವ್ ಎಂಬ ಸೇವಕ. ಇಬ್ಬರೂ ಕೂಲಿಯವರ ವೇಷದಲ್ಲಿ 1687ರಲ್ಲಿ ತೂತುಕುಡಿಯಿಂದ ದೋಣಿಯೇರಿದರು. ಪ್ರಯಾಣದ ಬವಣೆಯಿಂದ ವಾಝ್ ಅವರಿಗೆ ತೀವ್ರವಾದ ರಕ್ತಭೇದಿ ತಗುಲಿತು. ಜಾಫ್ನಾದಲ್ಲಿ ಅವರಿಗೆ ಪರಿಚಿತರಿಲ್ಲ, ಕೈಯಲ್ಲಿ ಹಣವಿಲ್ಲ, ತಾವು ಗುರುಗಳೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಜೊತೆಗಿದ್ದವನೂ ಅಸ್ವಸ್ಥನಾದ. ಆ ಸ್ಥಿತಿಯಲ್ಲಿ ಮರುಕಗೊಂಡ ಒಬ್ಬ ಮಹಿಳೆ ಅವರಿಗೆ ಗಂಜಿ ಕೊಟ್ಟು ಜೀವ ಉಳಿಸಿದಳು. ಅವಳ ಹೆಸರನ್ನು ಚರಿತ್ರೆ ಬರೆದಿಟ್ಟಿಲ್ಲ. ಆದರೆ ಅವಳ ಆ ಗಂಜಿಯಿಲ್ಲದಿದ್ದರೆ ಶ್ರೀಲಂಕೆಗೆ ಅದರ ಅಪೊಸ್ತಲನು ದೊರೆಯುತ್ತಿರಲಿಲ್ಲವೇನೋ.

ಸಾಂತ್ವನ ನೀಡಲು ಹೋದವರು ಮೊದಲು ಸಾಂತ್ವನವನ್ನು ಪಡೆಯಬೇಕಾಯಿತು ಎಂಬುದು ನಾವು ಮನನ ಮಾಡತಕ್ಕ ಸಂಗತಿ. ಕೊಡುವುದರಲ್ಲಿ ಒಂದು ಹಿರಿಮೆಯಿದೆ. ಪರರ ಕೈಯಿಂದ ಪಡೆಯುವುದಕ್ಕೆ ದೈನ್ಯ ಬೇಕು. ಹಸಿವನ್ನೂ ಪರಾಧೀನತೆಯನ್ನೂ ಉಂಡವರಿಗೆ ಇತರರ ಬಾಗಿಲಲ್ಲಿ ಹೇಗೆ ನಿಲ್ಲಬೇಕೆಂಬುದು ತಿಳಿದಿರುತ್ತದೆ.

ಚೇತರಿಸಿಕೊಂಡ ಗುರುಗಳು ಕೊರಳಿಗೆ ಜಪಮಾಲೆ ಧರಿಸಿ ಭಿಕ್ಷುಕನಂತೆ ಮನೆಮನೆಗೆ ಹೋದರು. ಜಪಮಾಲೆಯನ್ನು ಗುರುತಿಸಿದವರ ಮೂಲಕ ಗುಪ್ತ ವಿಶ್ವಾಸಿಗಳು ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ರಾತ್ರಿಯ ವೇಳೆ ಬಲಿಪೂಜೆ ನಡೆಯತೊಡಗಿತು. ಡಚ್ಚರ ಕಿರುಕುಳ ಹೆಚ್ಚಿದಾಗ ಅವರು ಪುತ್ತಲಂ ಕಡೆಗೆ ಸರಿದು, 1692ರಲ್ಲಿ ಸ್ವತಂತ್ರ ಅರಸೊತ್ತಿಗೆಯಾದ ಕ್ಯಾಂಡಿಯನ್ನು ತಲುಪಿದರು. ಅಲ್ಲಿ ಪೋರ್ಚುಗೀಸರ ಗೂಢಚಾರರೆಂಬ ಸುಳ್ಳು ಆರೋಪ ಕಾದಿತ್ತು. ಸೆರೆಮನೆಗೆ ಹೋದಾಗಲೂ ಜುವಾಂವ್ ಅವರ ಜೊತೆಗಿದ್ದ. ಸೆರೆಯ ದಿನಗಳನ್ನು ಅವರು ಸಿಂಹಳ ಭಾಷೆಯನ್ನು ಕಲಿಯಲು ಬಳಸಿದರು. ಕ್ರಮೇಣ ರಾಜ ಎರಡನೆಯ ವಿಮಲಧರ್ಮಸೂರ್ಯನಿಗೆ ಅವರ ನಿರ್ಮಲ ನಡತೆ ಮನವರಿಕೆಯಾಯಿತು. ಬಿಡುಗಡೆ ಹಾಗೂ ಸಂಚಾರದ ಸ್ವಾತಂತ್ರ್ಯ ದೊರೆಯಿತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜನೂ ಆಸ್ಥಾನಿಕರೂ ನಗರವನ್ನು ತೊರೆದರು. ರೋಗಿಗಳನ್ನು ಸ್ವಂತ ಬಂಧುಗಳೇ ಕಾಡಿನಲ್ಲಿ ಬಿಟ್ಟುಬಂದರು. ಆಗ ವಾಝ್ ಅವರು ತಮ್ಮ ಸೋದರಳಿಯನಾದ ಫಾದರ್ ಜೋಸೆಫ್ ಕಾರ್ವಾಲ್ಹೊ ಅವರೊಂದಿಗೆ ಆ ರೋಗಿಗಳನ್ನು ಹುಡುಕಿಕೊಂಡು ಹೋದರು. ಬರಿದಾದ ಮನೆಗಳನ್ನು ಆಸ್ಪತ್ರೆಗಳನ್ನಾಗಿಸಿ ಅವರಿಗೆ ಆಶ್ರಯ ಕೊಟ್ಟರು. ವ್ರಣಗಳನ್ನು ತೊಳೆದರು, ಗಂಜಿ ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಅವರ ಆರೈಕೆ ಪಡೆದವರಲ್ಲಿ ಹೆಚ್ಚಿನವರು ಬೌದ್ಧರು. ಗುರುಗಳು ಯಾರ ಧರ್ಮವನ್ನೂ ಕೇಳಲಿಲ್ಲ. ಹತ್ತು ವರ್ಷಗಳ ಹಿಂದೆ ಜಾಫ್ನಾದಲ್ಲಿ ತಮಗೆ ದೊರೆತ ಗಂಜಿಯ ಋಣವನ್ನು ಕ್ಯಾಂಡಿಯ ಕಾಡಿನಲ್ಲಿ ಅವರು ನೂರ್ಮಡಿಯಾಗಿ ತೀರಿಸಿದರೆಂದು ನಮಗೆ ತೋರುತ್ತದೆ.

ಎಲ್ಲ ರೋಗಿಗಳೂ ಬದುಕಿ ಉಳಿಯಲಿಲ್ಲ. ಸಿಡುಬಿಗೆ ಆಗ ಮದ್ದಿರಲಿಲ್ಲ. ಗುಣಪಡಿಸುವ ಭರವಸೆಯಿಲ್ಲದಿದ್ದರೂ ಗುರುಗಳು ಅವರ ಮಗ್ಗುಲಲ್ಲಿ ಕುಳಿತರು. ಸ್ನೇಹದ ಸಾರವಿರುವುದು ಇಲ್ಲಿಯೇ. ಕಷ್ಟದಲ್ಲಿರುವವರ ಮನೆಗೆ ಹೋಗಲು ನಾವು ಹಿಂಜರಿಯುವುದು ಹಲವು ವೇಳೆ ಏನು ಹೇಳಬೇಕೆಂದು ತಿಳಿಯದ ಕಾರಣದಿಂದ. ಹೇಳುವುದಕ್ಕೆ ಏನೂ ಇರಬೇಕಾಗಿಲ್ಲ. 2020ರ ಮಹಾಮಾರಿಯ ದಿನಗಳಲ್ಲಿ ಬಾಗಿಲು ಮುಚ್ಚಿಕೊಂಡ ಮನೆಗಳ ಹೊಸ್ತಿಲಲ್ಲಿ ಊಟದ ಬುತ್ತಿಯಿಟ್ಟು ಮೌನವಾಗಿ ಮರಳಿದ ನೆರೆಹೊರೆಯವರನ್ನು ನಾವು ಕಂಡಿದ್ದೇವೆ. ಅಂಥವರು ಜಾಫ್ನಾದ ಆ ಹೆಸರಿಲ್ಲದ ಮಹಿಳೆಯ ಸಂತತಿಯವರೇ ಸರಿ.

ಜೋಸೆಫ್ ವಾಝ್ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನ ಪಾದ ಸೇರಿದರು. ಜಗದ್ಗುರು ಎರಡನೆಯ ಜಾನ್ ಪಾವ್ಲರು 1995ರಲ್ಲಿ ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಅದೇ ನಗರದಲ್ಲಿ 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅವರು ಸಂತ ಪದವಿಯನ್ನು ಸಾರಿದರು.

ಸಂತರ ಮೂರ್ತಿಯ ಮುಂದೆ ಮೇಣದ ಬತ್ತಿ ಉರಿಸುವುದು ಒಳ್ಳೆಯದು. ಅದರೊಂದಿಗೆ ನಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದವರು, ಒಂಟಿಯಾದ ವೃದ್ಧರು, ದುಡಿಮೆ ಕಳೆದುಕೊಂಡ ಮನೆಯವರು ಯಾರಿದ್ದಾರೆಂದು ಈ ವಾರ ಒಮ್ಮೆ ವಿಚಾರಿಸೋಣ. ನಮಗೂ ಎಂದೋ ಯಾರೋ ಒಂದು ಬಟ್ಟಲು ಗಂಜಿ ಕೊಟ್ಟಿರುತ್ತಾರೆ. ಆ ಋಣವನ್ನು ಕೊಟ್ಟವರಿಗೇ ಹಿಂತಿರುಗಿಸಲು ಸಾಧ್ಯವಾಗದಿರಬಹುದು. ಈಗ ಹಸಿದಿರುವವರಿಗೆ ಅದನ್ನು ಸಲ್ಲಿಸುವ ಮನಸ್ಸನ್ನು ಸಂತ ಜೋಸೆಫ್ ವಾಝ್ ಅವರ ಬಿನ್ನಹದ ಮೂಲಕ ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.